ರೂಪಾಯಿ ಕಿಲೋಕ್ಕ ಎಷ್ಟು?

ಗಳಿಸುವುದು ಕಷ್ಟ, ಉಳಿಸುವುದು ಇನ್ನೂ ಕಷ್ಟ ಎಂದು ಹಿರಿಯರು ಹೇಳಿ ಹೋದರು. ಉಳಿಸಿದ್ದನ್ನು ರೊಕ್ಕ ಎಂದು ಇನ್ನೊಬ್ಬರಿಂದ ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟ ಎಂದು ಮಾತ್ರ ಹೇಳಲಿಲ್ಲ. ಹೇಳುವ ಪ್ರಸಂಗ ಅವರಿಗೆ ಬಂದಿರಲಿಲ್ಲ. ಅವರ ಕಾಲಕ್ಕೆ ಮನೆಯಲ್ಲಿ ಚಿಲ್ಲರೆ ಇದ್ದವರೇ ಸಾಹುಕಾರರು. ಅಂಗಡಿಕಾರ ತಾನಾಗಿ ಬಾಗಿಲಿಗೆ ಬಂದು, ನೂರು ರೂಪಾಯಿ ಚಿಲ್ಲರೆಗೆ ನೂರರ ನೋಟು ಕೊಟ್ಟು, ಮೇಲೆ ಐದೋ ಹತ್ತೋ ಕಮಿಷನ್ ಇಟ್ಟು, “ಮುಂದಿನ ಸಲಾನೂ ನಮಗ ಕೊಡ್ರಿ ಅಕ್ಕಾರ” ಎಂದು ಹೇಳಿ ಹೋಗುತ್ತಿದ್ದ. ಕಮಿಷನ್ ಕೊಡಲು ಮನಸ್ಸಿಲ್ಲದವನು ಗಿರಾಕಿಯ ಕೈಗೆ ಚಾಕೊಲೇಟು ತುರುಕುತ್ತಿದ್ದ. ಒಂದಿಡೀ ತಲೆಮಾರಿನ ಹಲ್ಲು ಹುಳುಕಾದದ್ದು ನಾಣ್ಯಗಳ ಅಭಾವದಿಂದ ಎಂಬುದು ನನ್ನ ಸಂಶೋಧನೆ. ಯಾವ ವಿಶ್ವವಿದ್ಯಾಲಯವೂ ಇದಕ್ಕೆ ಇನ್ನೂ ಡಾಕ್ಟರೇಟ್ ಕೊಟ್ಟಿಲ್ಲ.

ಈಗ ಕಾಲ ಹೊಳ್ಳಿದೆ. ನಮ್ಮೂರು ಶಲವಡಿಯ ಯಾವ ಅಂಗಡಿಯ ಮುಂದೆ ನಿಂತರೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಪುಟ್ಟ ಸ್ಪೀಕರ್ ಡಬ್ಬಿಯೊಂದು ಕುಳಿತಿರುತ್ತದೆ. ಬಂದವರು ಬಂದಂತೆ “ಹತ್ತು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಊರಿಗೆಲ್ಲ ಕೇಳುವಂತೆ ಸಾರುತ್ತದೆ. ಕಾಣದ ಹತ್ತು ರೂಪಾಯಿಗೆ ಇಷ್ಟು ಮರ್ಯಾದೆ. ಕಾಣುವ ಹತ್ತು ರೂಪಾಯಿಯನ್ನು, ಅಂದರೆ ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುವ, ನೆಲಕ್ಕೆ ಬಿದ್ದರೆ ಸಪ್ಪಳ ಮಾಡುವ, ಭಾರತ ಸರಕಾರವೇ ಟಂಕಿಸಿದ ನಾಣ್ಯವನ್ನು ಅದೇ ಕಟ್ಟೆಯ ಮೇಲಿಟ್ಟರೆ ಅಂಗಡಿಕಾರ ಅದನ್ನು ಹಲ್ಲಿ ಬಿದ್ದ ಹಾಲಿನಂತೆ ನೋಡುತ್ತಾನೆ.

ನಮ್ಮ ದೊಡ್ಡವ್ವನ ಭರಣಿಯ ವಿಷಯ ಬಂದದ್ದು ಹೀಗೆ. ಎರೆಸೀಮೆಯ ಊರಿನಲ್ಲಿ ಹೆಂಗಸರ ರೊಕ್ಕ ಹೊಲದಿಂದ ಬರುವುದಿಲ್ಲ, ಹೊಲದ ಅಂಚಿನಿಂದ ಬರುತ್ತದೆ. ಹೆಸರು, ಕಡಲೆ, ಹತ್ತಿ, ಮೆಣಸಿನಕಾಯಿ ಮಾರಿದ ರೊಕ್ಕ ಗಂಡಸರ ಕಿಸೆಗೆ ಹೋಗಿ ಅಲ್ಲಿಂದ ಗೊಬ್ಬರದ ಅಂಗಡಿಯ ಸಾಲಕ್ಕೆ ಹೋಗುತ್ತದೆ. ಗಿರಣಿಗೆ ಕೊಟ್ಟು ಉಳಿದದ್ದು, ಹಾಲು ಮೊಸರು ಮಾರಿದ್ದು, ಸಂತೆಯಲ್ಲಿ ಚೌಕಾಶಿ ಮಾಡಿ ಉಳಿಸಿದ್ದು, ತಂಗಿಯ ಮಗ ಹೋಗುವಾಗ ಕೈಯಲ್ಲಿಟ್ಟದ್ದು ಭರಣಿಗೆ ಬೀಳುತ್ತದೆ. ದೊಡ್ಡವ್ವನದು ಉಪ್ಪಿನಕಾಯಿಯ ಭರಣಿ. ಗೋಣಿತಟ್ಟು ಹಾಸಿ ಅದನ್ನು ಬೋರಲು ಮಾಡಿದಾಗ ಮೊದಲು ಬಂದದ್ದು ಇಂಗಿನ ವಾಸನೆ, ಆಮೇಲೆ ರೊಕ್ಕ. ಗೇಂಡಾಮೃಗದ ಚಾರಾಣೆ ಇದ್ದವು. ಹೆಬ್ಬೆರಳು ಎತ್ತಿ ‘ಭೇಷ್’ ಎನ್ನುವ ಒಂದು ರೂಪಾಯಿ, ಎರಡು ಬೆರಳೆತ್ತಿದ ಎರಡು ರೂಪಾಯಿ, ಅಂಚು ಸವೆದ ಎಂಟಾಣೆ, ಹಿತ್ತಾಳೆ ಬಣ್ಣದ ಐದು, ಎರಡು ಬಣ್ಣದ ಹತ್ತು. ಚಾರಾಣೆಗಳನ್ನು ಬೇರೆ ಮಾಡಿದೆವು; ಅವು 2011ರ ಜೂನ್ 30ಕ್ಕೇ ಸರಕಾರಿ ಲೆಕ್ಕದಲ್ಲಿ ತೀರಿಕೊಂಡಿವೆ. ಎಂಟಾಣೆ ಮಾತ್ರ ಕಾನೂನಿನ ಪ್ರಕಾರ ಇನ್ನೂ ಬದುಕಿದೆ. ಈ ಸುದ್ದಿ ಎಂಟಾಣೆಗೂ ಗೊತ್ತಿಲ್ಲ, ಅಂಗಡಿಕಾರರಿಗೂ ಗೊತ್ತಿಲ್ಲ.

ಉಳಿದದ್ದನ್ನು ದೊಡ್ಡವ್ವ ಎಣಿಸಿದಳು. ಸಾಲಿ ಮುಖ ನೋಡಿದವಳಲ್ಲ, ಆದರೆ ಐದೈದರ ಗುಂಪು ಹಾಕಿ ಎಣಿಸುವಾಗ ನಡುವೆ ಮಾತಾಡಿಸಿದರೂ ತಪ್ಪಲಿಲ್ಲ. ಮೂರು ಸಾವಿರದ ನಾಲ್ಕುನೂರಾ ಹನ್ನೊಂದು ರೂಪಾಯಿ. ಅದನ್ನು ಚೀಲಕ್ಕೆ ಹಾಕಿಕೊಂಡು ಬ್ಯಾಂಕಿಗೆ ಹೋದೆವು. ಯಾವ ಬ್ಯಾಂಕು ಎಂದು ಕೇಳಬೇಡಿ. ಹೆಸರು ಹೇಳಿದರೆ ಉಳಿದ ಬ್ಯಾಂಕುಗಳು ತಮ್ಮನ್ನು ಕಡೆಗಣಿಸಲಾಗಿದೆ ಎಂದು ಬೇಸರಪಟ್ಟುಕೊಂಡಾವು.

“ಏನವ್ವಾ ಇದು?”

“ರೊಕ್ಕರಿ.”

“ರೊಕ್ಕ ಅಲ್ಲ ಇದು, ಚಿಲ್ಲರ.”

“ಚಿಲ್ಲರ ಅಂದ್ರ ರೊಕ್ಕ ಅಲ್ಲೇನ್ರಿ?”

“ಎಣಸೋರು ಯಾರು? ಹಿಂದ ಮಂದಿ ನಿಂತಾರ ನೋಡು.”

“ನಾ ಎಣಿಸೇನ್ರಿ. ಮೂರ ಸಾವಿರದ ನಾಕನೂರಾ ಹನ್ನೊಂದು.”

“ನೀ ಎಣಿಸಿದ್ರ ಆತೇನು? ನಾ ಎಣಿಸಬೇಕಲ್ಲ.”

“ಎಣಿಸ್ರಿ ಮತ್ತ.”

“ಸರ್ವರ್ ಡೌನ್ ಐತಿ.”

ನಾಣ್ಯ ಎಣಿಸುವುದಕ್ಕೆ ಸರ್ವರ್ ಯಾಕೆ ಬೇಕು ಎಂದು ಕೇಳುವ ಅಧಿಕಪ್ರಸಂಗ ನಾನು ಮಾಡಲಿಲ್ಲ. ಬದಲಿಗೆ ಕಾನೂನು ಮಾತಾಡಿದೆ, ಅದು ಇನ್ನೂ ದೊಡ್ಡ ಅಧಿಕಪ್ರಸಂಗ. ಯಾವ ಶಾಖೆಯೂ ನಾಣ್ಯಗಳನ್ನಾಗಲಿ ಸಣ್ಣ ಮೌಲ್ಯದ ನೋಟುಗಳನ್ನಾಗಲಿ ನಿರಾಕರಿಸಕೂಡದು ಎಂದು ರಿಸರ್ವ್ ಬ್ಯಾಂಕು ಮತ್ತೆ ಮತ್ತೆ ಬರೆದಿದೆ. ಗಿರಾಕಿ ಖಾತೆಗೆ ಎಷ್ಟು ನಾಣ್ಯ ಕಟ್ಟಬಹುದು ಎಂಬುದಕ್ಕೆ ಮಿತಿಯೇ ಇಲ್ಲ ಎಂದೂ ಹೇಳಿದೆ. ಎಣಿಸಲು ಬೇಸರವಾದರೆ ಒಂದು, ಎರಡು ರೂಪಾಯಿಯ ನಾಣ್ಯಗಳನ್ನು ತೂಗಿ ತಗೊಳ್ಳಿರಿ, ಇಲ್ಲವೇ ನೂರು ನೂರರಂತೆ ಪಾಲಿಥೀನ್ ಪಾಕೀಟು ಮಾಡಿಸಿ ತಗೊಳ್ಳಿರಿ ಎಂದು ದಾರಿಯನ್ನೂ ತೋರಿಸಿದೆ. ಇದನ್ನೆಲ್ಲ ಕೇಳಿದ ಒಳಗಿನ ದೊಡ್ಡ ಸಾಹೇಬರು ಹೊರಗೆ ಬಂದು, “ನೂರ ನೂರರ ಪಾಕೀಟ ಮಾಡ್ಕೊಂಡು, ಸೋಮವಾರ ಒಂದ್ ಬಿಟ್ಟು ಯಾವಾಗರ ಬರ್ರಿ” ಎಂದರು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಬಿದ್ದು 2016ಕ್ಕೇ ಆಯಿತು. ಕಾಯಿಪಲ್ಲೆಗೆ ಸಿಗದ ಪಾಲಿಥೀನನ್ನು ರೂಪಾಯಿಗೆ ಎಲ್ಲಿಂದ ತರುವುದು ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ.

ತೂಗುವ ಯೋಚನೆಯೇ ಚೆನ್ನಾಗಿ ಕಂಡಿತು. ಕಾಳುಕಡಿ ತೂಗುವ ಊರಿನಲ್ಲಿ ತಕ್ಕಡಿಗೆ ಬರವಿಲ್ಲ. ಆದರೆ ತೂಗಲು ಕುಳಿತರೆ ಬೇರೆಯೇ ಗುಟ್ಟು ಹೊರಬಿತ್ತು. 1992ರ ಮಾದರಿಯ ಒಂದು ರೂಪಾಯಿ 4.85 ಗ್ರಾಂ. 2011ರದು 3.79 ಗ್ರಾಂ. 2019ರದು 3.09 ಗ್ರಾಂ. ಅಂದರೆ ಹಳೆಯ ರೂಪಾಯಿ ಕಿಲೋಕ್ಕೆ ಇನ್ನೂರಾ ಆರು, ನಡುವಿನದು ಇನ್ನೂರಾ ಅರವತ್ಮೂರು, ಹೊಸದು ಮುನ್ನೂರಾ ಇಪ್ಪತ್ಮೂರು. ರೂಪಾಯಿ ಹಗುರಾಯಿತು ಎಂದು ಅರ್ಥಶಾಸ್ತ್ರಜ್ಞರು ಟೀವಿಯಲ್ಲಿ ಗಂಟಲು ಹರಿದುಕೊಳ್ಳುವಾಗ ನಾವು ನಂಬಿರಲಿಲ್ಲ. ಕಾಳಿನ ತಕ್ಕಡಿ ಮಾತೇ ಆಡದೆ ತೋರಿಸಿಕೊಟ್ಟಿತು. ಇನ್ನೂ ಚಂದದ ಮಾತೆಂದರೆ 2011ರ ಎರಡು ರೂಪಾಯಿಯೂ 4.85 ಗ್ರಾಮೇ, ಅಗಲವೂ ಹಳೆಯ ಒಂದರಷ್ಟೇ, ಲೋಹವೂ ಅದೇ ಉಕ್ಕು. ತಕ್ಕಡಿಯ ಕಣ್ಣಿಗೆ ನಿನ್ನೆಯ ಒಂದು ರೂಪಾಯಿ ಇಂದಿನ ಎರಡು. ಹಣದುಬ್ಬರವನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಸರಕಾರಿ ದಾಖಲೆ ಇನ್ನೊಂದು ಇರಲಾರದು.

ಮಾತು ಬಂತೆಂದು ಹೇಳುತ್ತೇನೆ. ಇದೇ ನಾಡಿನಲ್ಲಿ ಬ್ಯಾಂಕು ಚಿಲ್ಲರೆಯನ್ನು ಹುಡುಕಿಕೊಂಡು ಮನೆಬಾಗಿಲಿಗೆ ಬರುತ್ತಿದ್ದ ಕಾಲವೊಂದಿತ್ತು. ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟ ಬಂದು ಇಸಿದುಕೊಂಡು ಚೀಟಿ ಹರಿದುಕೊಡುತ್ತಿದ್ದ. ಮೀನು ಮಾರುವವರ, ಬೀಡಿ ಕಟ್ಟುವವರ ಎರಡಾಣೆ ಕೂಡಿ ಕೂಡಿ ಆ ಬ್ಯಾಂಕು ದೇಶದ ತುಂಬ ಶಾಖೆ ತೆರೆಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಕರಗಿತು. ನಮ್ಮ ಕಡೆಯೂ ಕಡಿಮೆಯೇನಿಲ್ಲ. ಗದಗ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ರೈತರು ಅಲ್ಲಿಗೆ ಆರ್‌ಟಿಜಿಎಸ್ ಮಾಡಲಿಲ್ಲ. ಪಿಗ್ಮಿ ಎಂಬ ಹೆಸರು ಹುಬ್ಬಳ್ಳಿ ಸೀಮೆಯಲ್ಲಿ ಇವತ್ತಿಗೂ ಬದುಕಿದೆ. ಸಂಜೆಯಾದರೆ ಸೊಸಾಯಿಟಿಯ ಏಜೆಂಟರು ಅಂಗಡಿ ಅಂಗಡಿ ತಿರುಗುತ್ತಾರೆ. ಅವರ ಕೈಯಲ್ಲಿ ಎರಡು ರೂಪಾಯಿ ಇಟ್ಟು ನೋಡಿ. “ಅಣ್ಣಾರ, ಫೋನ್‌ಪೇ ಮಾಡ್ರಲ್ಲ” ಎನ್ನುತ್ತಾರೆ. ಪಿಗ್ಮಿ ದೊಡ್ಡವನಾಗಿಬಿಟ್ಟಿದ್ದಾನೆ.

ಈಗ ಹತ್ತರ ನಾಣ್ಯಕ್ಕೆ ಬರೋಣ, ಯಾಕೆಂದರೆ ಇಲ್ಲಿ ತಪ್ಪು ಬ್ಯಾಂಕಿನದಲ್ಲ, ಸರಕಾರದ್ದೂ ಅಲ್ಲ. ಅಪ್ಪಟ ನಮ್ಮದೇ. 2009ರಲ್ಲಿ ಚಲಾವಣೆಗೆ ಬಂದ ಈ ನಾಣ್ಯ ಉತ್ತರ ಕರ್ನಾಟಕದಲ್ಲಿ ಎಷ್ಟೋ ವರ್ಷಗಳಿಂದ ಊರ ಹೊರಗೆ ಕೂತಿದೆ. ಯಾರು ಬಹಿಷ್ಕಾರ ಹಾಕಿದರು, ಯಾವ ಪಂಚಾಯ್ತಿ ಕೂಡಿತ್ತು, ಯಾರಿಗೂ ಗೊತ್ತಿಲ್ಲ. ಆದರೆ ತೀರ್ಪು ಎಲ್ಲರಿಗೂ ಬಾಯಿಪಾಠ: ಹತ್ತು ಗೆರೆ ಇದ್ದರೆ ಖರೇ, ಹದಿನೈದು ಗೆರೆ ಇದ್ದರೆ ಖೊಟ್ಟಿ. ರೂಪಾಯಿಯ ಹೊಸ ಚಿಹ್ನೆ ಇದ್ದರೆ ಖರೇ, ಇಲ್ಲದಿದ್ದರೆ ಖೊಟ್ಟಿ. ಆ ಚಿಹ್ನೆ ಹುಟ್ಟಿದ್ದೇ 2010ರಲ್ಲಿ, ನಾಣ್ಯದ ಮೇಲೆ ಬಂದದ್ದು 2011ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ನಾಣ್ಯದ ಮೇಲೆ ಅದು ಹೇಗೆ ಬರಬೇಕು ಎಂದು ಕೇಳಿದರೆ, “ಅದ ನೋಡ್ರಿ ಡೌಟು” ಎಂದು ಕೇಳಿದವನನ್ನೇ ಅನುಮಾನದಿಂದ ನೋಡುತ್ತಾರೆ. ಮಗ ಹುಟ್ಟುವ ಮೊದಲು ತೆಗೆಸಿದ ಮದುವೆಯ ಫೋಟೋದಲ್ಲಿ ಮಗ ಇಲ್ಲವಲ್ಲ ಎಂದು ಗಂಡಹೆಂಡಿರ ಮೇಲೆ ಸಂಶಯಪಡುವ ಜಾಣತನ ಇದು.

2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹೇಳಿಕೆ ಹೊರಡಿಸಿ, ಹತ್ತರ ನಾಣ್ಯ ಅಲ್ಲಿಯವರೆಗೆ 14 ವಿನ್ಯಾಸಗಳಲ್ಲಿ ಬಂದಿದೆ, ಹದಿನಾಲ್ಕೂ ಖರೇ ಎಂದಿತು. ಅನುಮಾನ ಇದ್ದವರಿಗಾಗಿ 14440 ಎಂಬ ನಂಬರನ್ನೂ ಕೊಟ್ಟಿತು. ಕರೆ ಮಾಡಿದರೆ ಧ್ವನಿಮುದ್ರಿತ ಹೆಣ್ಣುದನಿ ಇದನ್ನೇ ಹೇಳುತ್ತಿತ್ತು. ಆಗ ಒಬ್ಬ ಉತ್ಸಾಹಿ ಮಾಸ್ತರರು ಚಹಾದಂಗಡಿಯಲ್ಲಿ ಸ್ಪೀಕರ್ ಹಚ್ಚಿ ಆ ದನಿಯನ್ನು ಎಲ್ಲರಿಗೂ ಕೇಳಿಸಿದರು. ಅಂಗಡಿಯವನು ಕಿವಿಗೊಟ್ಟು ಪೂರಾ ಕೇಳಿದ. ಕೇಳಿ, ನಾಣ್ಯವನ್ನು ಮಾಸ್ತರರ ಕಡೆ ಸರಿಸಿ, “ಹಂಗಾರ ಆ ಅಕ್ಕಗ ಕೊಡ್ರಿ ಸರ್ರ, ಆಕಿ ತಗೋತಾಳ” ಎಂದ.

ಅವನನ್ನು ನೋಡಿ ನಗುವುದು ಸುಲಭ. ಆದರೆ ಅವನ ತರ್ಕದಲ್ಲಿ ಲೋಪವಿಲ್ಲ. ನಾಣ್ಯ ಖರೇ ಎಂದು ಅವನಿಗೆ ಚೆನ್ನಾಗಿ ಗೊತ್ತು. ಮುಂದಿನ ಗಿರಾಕಿ ತಗೊಳ್ಳುವುದಿಲ್ಲ ಎಂಬುದೂ ಗೊತ್ತು. ಮುಂದಿನ ಗಿರಾಕಿಗೂ ನಾಣ್ಯ ಖರೇ ಎಂದು ಗೊತ್ತು, ಅಂಗಡಿಯವನು ತಗೊಳ್ಳುವುದಿಲ್ಲ ಎಂದೂ ಗೊತ್ತು. ಎಲ್ಲರಿಗೂ ಸತ್ಯ ಗೊತ್ತಿರುವ, ಆದರೂ ಎಲ್ಲರೂ ಸುಳ್ಳಿನಂತೆಯೇ ನಡೆದುಕೊಳ್ಳುವ ಇಂಥ ಒಗ್ಗಟ್ಟು ನಮ್ಮ ಊರುಗಳಲ್ಲಿ ಬೇರೆ ಯಾವ ಕೆಲಸಕ್ಕೂ ಬಂದದ್ದನ್ನು ನಾನು ಕಂಡಿಲ್ಲ. ಗಟಾರ ಬಳಿಯಲು ನಾಲ್ಕು ಮಂದಿ ಕೂಡುವುದಿಲ್ಲ. ಹತ್ತರ ನಾಣ್ಯ ಒಲ್ಲೆ ಎನ್ನಲು ಇಡೀ ಜಿಲ್ಲೆ ಕೂಡುತ್ತದೆ. ಮೇಲಾಗಿ ಈ ಅಂಜಿಕೆಗೂ ಒಂದು ಮಿತಿ ಇದೆ. ನಾಣ್ಯದ ಬದಲು ಹರಿದು, ಮೆತ್ತಿ, ಎಣ್ಣೆ ಕುಡಿದು, ಸೆಲೋಟೇಪಿನ ಆಸರೆಯಲ್ಲಿ ನಿಂತ ಹತ್ತರ ನೋಟು ಕೊಟ್ಟರೆ ಕಣ್ಣಿಗೊತ್ತಿಕೊಂಡು ತಗೊಳ್ಳುತ್ತಾರೆ. ಖೊಟ್ಟಿ ನೋಟು ಮುದ್ರಿಸುವವರು ಎರಡು ಲೋಹ ಕೂಡಿಸಿ ಹತ್ತರ ನಾಣ್ಯ ಮಾಡುವಷ್ಟು ಬಿಡುವಿನಲ್ಲಿದ್ದಾರೆಂದು ಇವರಿಗೆ ಯಾರು ಹೇಳಿದರೋ.

ಬಸ್ಸಿನಲ್ಲಾದರೂ ಖರ್ಚಾದೀತು ಎಂಬುದು ಮುಂದಿನ ಆಸೆ. ಕಂಡಕ್ಟರರು ಒಂದು ಕಾಲಕ್ಕೆ ಚಿಲ್ಲರೆ ಇದ್ದವರಿಗೆ ಕಿಟಕಿ ಪಕ್ಕದ ಸೀಟನ್ನೂ ಬಿಡಿಸಿಕೊಟ್ಟಾರು ಎನ್ನುವ ಹಾಗಿದ್ದರು. ಟಿಕೀಟಿನ ಹಿಂದೆ ಪೆನ್ನಿನಲ್ಲಿ ಬರೆದ 3, 7, 12 ಎಂಬ ಅಂಕಿಗಳನ್ನು ಹಿಡಿದು, ಇಳಿಯುವ ಊರು ಬಂದರೂ ಇಳಿಯದೆ ಬಾಗಿಲಲ್ಲಿ ನಿಂತು ಜಗಳ ಕಾಯುವುದು ಅಣ್ಣಿಗೇರಿ, ನವಲಗುಂದದ ದಾರಿಯ ನಿತ್ಯದ ಮನರಂಜನೆಯಾಗಿತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಭರಣಿಯ ಒಡತಿಯರೆಲ್ಲ ಶೂನ್ಯ ಟಿಕೀಟಿನ ಒಡತಿಯರಾದರು. ದೊಡ್ಡವ್ವ ಈಗ ಆಧಾರ್ ಕಾರ್ಡು ತೋರಿಸಿ ಹುಬ್ಬಳ್ಳಿಗೆ ಹೋಗಿ ಬರುತ್ತಾಳೆ, ಭರಣಿಯಿಂದ ಒಂದು ರೂಪಾಯಿಯೂ ಕರಗುವುದಿಲ್ಲ. ಹೋಗಲಿ, ಕರೆಂಟು ಬಿಲ್ಲಿಗೆ ಕಟ್ಟೋಣವೆಂದರೆ ಅದೇ ವರ್ಷ ಗೃಹಜ್ಯೋತಿ ಬಂದು ಬಿಲ್ಲೂ ಸೊನ್ನೆ. ಗೃಹಲಕ್ಷ್ಮಿಯ ಎರಡು ಸಾವಿರ ಸಪ್ಪಳವಿಲ್ಲದೆ ಖಾತೆಗೆ ಬಂದು ಕೂಡುತ್ತದೆ. ಸಿದ್ದರಾಮಯ್ಯನವರ ಈ ಗ್ಯಾರಂಟಿಗಳನ್ನು ವಿರೋಧ ಪಕ್ಷದವರು ನಾನಾ ಕಾರಣಕ್ಕೆ ಬೈದರು. ಅವು ಬಡವರ ಚಿಲ್ಲರೆಗೆ ಇದ್ದ ಎರಡು ಕಟ್ಟಕಡೆಯ ಕಿಂಡಿಗಳನ್ನೂ ಮುಚ್ಚಿದವು ಎಂಬ ಖರೇ ಆಪಾದನೆಯನ್ನು ಒಬ್ಬರೂ ಮಾಡಲಿಲ್ಲ. ವಿರೋಧ ಪಕ್ಷದವರ ಮನೆಯಲ್ಲಿ ಭರಣಿ ಇರುವುದಿಲ್ಲ, ಅದಕ್ಕೇ ಇರಬೇಕು.

ದೇವರು ಒಬ್ಬ ಉಳಿದ. ಆತ ಹತ್ತು ಗೆರೆಯೋ ಹದಿನೈದು ಗೆರೆಯೋ ಎಣಿಸುವುದಿಲ್ಲ. ಅಂಗಡಿಯಲ್ಲಿ ಸಲ್ಲದ ಹತ್ತು ಸವದತ್ತಿ ಎಲ್ಲಮ್ಮನ ಹುಂಡಿಯಲ್ಲಿ ಸಲ್ಲುತ್ತದೆ. ಭಕ್ತರ ಈ ಜಾಣತನ ದೇವರಿಗೆ ಗೊತ್ತಾಗುವುದಿಲ್ಲವೆಂದಲ್ಲ, ಆತನಿಗೂ ಬ್ಯಾಂಕಿನ ಕಾಟ ಇದ್ದದ್ದೇ. 2023ರಲ್ಲಿ ಶಿರಡಿ ಸಾಯಿಬಾಬಾ ಸಂಸ್ಥಾನದ ನಾಣ್ಯಗಳನ್ನು ಇಡಲು ಜಾಗವಿಲ್ಲ ಎಂದು ಅಲ್ಲಿನ ಕೆಲವು ಬ್ಯಾಂಕುಗಳು ಕೈಮುಗಿದವು. ಸಾಯಿಬಾಬಾನನ್ನೇ ‘ಸೋಮವಾರ ಬಿಟ್ಟು ಬರ್ರಿ’ ಎಂದು ಕಳಿಸುವವರು ದೊಡ್ಡವ್ವನನ್ನು ಕುರ್ಚಿ ಹಾಕಿ ಕೂಡಿಸುತ್ತಾರೆಯೇ? ಇನ್ನು ಹೊಳೆ ಇದೆ. ಮಲಪ್ರಭೆಯ ಸೇತುವೆ ಬಂದಾಗ ಬಸ್ಸಿನ ಕಿಟಕಿಯಿಂದ ನಾಣ್ಯ ಒಗೆದು ಕೈಮುಗಿಯುತ್ತಾರೆ. ಸಾವಿನ ಮೆರವಣಿಗೆ ಇದೆ. ಹೆಣದ ಮೇಲೆ ಚುರಮರಿಯ ಜೊತೆ ತೂರಿದ ಹತ್ತರ ನಾಣ್ಯವನ್ನು ಯಾರೂ ಖೊಟ್ಟಿ ಎಂದದ್ದಿಲ್ಲ. ಮದುವೆಯ ಆಯೇರಿ ಲಕೋಟೆಗೆ ಅಂಟಿಸಿದ ಒಂದು ರೂಪಾಯಿಗೂ ಇನ್ನೂ ಮಾನ ಇದೆ. ಐನೂರರ ನೋಟು ಒಳಗೆ ಮಡಚಿಕೊಂಡು ಮಲಗಿದ್ದರೆ ಇದು ಹೊರಗೆ ನಿಂತು ಅದನ್ನು ಶುಭವಾಗಿಸುತ್ತದೆ. ಒಟ್ಟಿನಲ್ಲಿ ತಿರುಗಿ ಕೊಡುವ ಪ್ರಶ್ನೆಯೇ ಇಲ್ಲದ ಕಡೆ ನಾಣ್ಯ ಚಲೋ ನಡೆಯುತ್ತದೆ: ದೇವರು, ಹೊಳೆ, ಹೆಣ.

ಅಣ್ಣನ ಮಗ, ಮೊಬೈಲಿನಲ್ಲೇ ವಾಸಿಸುವವನು, ಬೇರೆ ದಾರಿ ಕಂಡುಹಿಡಿದ. ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ಇದ್ದರೆ ಲಕ್ಷಗಟ್ಟಲೆ ಕೊಡುತ್ತಾರಂತೆ, ಯೂಟ್ಯೂಬಿನಲ್ಲಿ ಬಂದಿದೆಯಂತೆ. 2012ರಲ್ಲಿ ಆ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬಕ್ಕೆ ಸರಕಾರ ಅಂಥ ಐದು ಮತ್ತು ಹತ್ತರ ನಾಣ್ಯ ಬಿಟ್ಟದ್ದು ಖರೇ. ನಮ್ಮ ಭರಣಿಯಲ್ಲೂ ಒಂದು ಸಿಕ್ಕಿತು, ಮನೆಯಲ್ಲಿ ಒಂದು ಸಂಜೆ ಒಲೆ ಹೊತ್ತಲಿಲ್ಲ. ಕೊಳ್ಳುವವನು ಫೋನಿನಲ್ಲಿ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ಲಕ್ಷ ಕಳಿಸುವ ಮೊದಲು ನೋಂದಣಿ ಶುಲ್ಕ ಮಾತ್ರ ಕಟ್ಟಬೇಕಂತೆ, ಯುಪಿಐನಲ್ಲಿ. “ಆ ಶುಲ್ಕಾನ ನಾಣ್ಯದಾಗ ತಗೋತಾನೇನು ಕೇಳು” ಎಂದಳು ದೊಡ್ಡವ್ವ. ಕೇಳಿದ ಕೂಡಲೇ ಅತ್ತಲಿಂದ ಫೋನು ಕಟ್ಟಾಯಿತು. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಇಂಥವರ ಬಗ್ಗೆ ಪತ್ರಿಕಾ ಹೇಳಿಕೆ ಕೊಟ್ಟು ಎಚ್ಚರಿಸಿತ್ತು. ದೊಡ್ಡವ್ವನದು ಒಂದೇ ವಾಕ್ಯ.

ಕರಗಿಸಿದರೆ? ನಾಣ್ಯ ಕಾಯ್ದೆ, 2011ರ ಪ್ರಕಾರ ಏಳು ವರ್ಷದವರೆಗೆ ಜೈಲು. ಅಲ್ಲಿ ಊಟ ಪುಕ್ಕಟೆ ಎಂಬುದು ನಿಜವಾದರೂ ಒಂದು ರೂಪಾಯಿಯ ಉಕ್ಕಿಗೆ ಗುಜರಿಯಲ್ಲಿ ಒಂದು ರೂಪಾಯಿ ಹುಟ್ಟುವುದಿಲ್ಲ. ಸರಕಾರಕ್ಕೇ ಹುಟ್ಟುವುದಿಲ್ಲ: 2018ರಲ್ಲಿ ಮಾಹಿತಿ ಹಕ್ಕಿನಲ್ಲಿ ಬಂದ ಉತ್ತರದಂತೆ ಒಂದು ರೂಪಾಯಿ ಟಂಕಿಸಲು ತಗಲುವ ಖರ್ಚು 1.11 ರೂಪಾಯಿ. ಒಂದು ಸೆಂಟಿನ ಪೆನ್ನಿ ನಾಣ್ಯಕ್ಕೆ ಮೂರೂವರೆ ಸೆಂಟಿಗೂ ಹೆಚ್ಚು ಖರ್ಚಾಗುತ್ತದೆಂದು ಅಮೆರಿಕ 2025ರಲ್ಲಿ ಅದನ್ನು ಚಲಾವಣೆಗಾಗಿ ಟಂಕಿಸುವುದನ್ನೇ ನಿಲ್ಲಿಸಿತು. ಅಲ್ಲಿರುವ ನಮ್ಮ ಧಾರವಾಡದವರು ಹೇಳುತ್ತಾರೆ, ಅವರ ಸೂಪರ್ ಮಾರ್ಕೆಟ್ಟುಗಳಲ್ಲಿ ಕಾಯಿನ್‌ಸ್ಟಾರ್ ಎಂಬ ಯಂತ್ರ ನಿಂತಿರುತ್ತದಂತೆ. ಭರಣಿ ಸುರಿದರೆ ಗಡಗಡ ಎಣಿಸಿ, ನೂರಕ್ಕೆ ಹನ್ನೆರಡರ ಆಸುಪಾಸು ತಾನು ಮುರಿದುಕೊಂಡು ಉಳಿದದ್ದಕ್ಕೆ ಚೀಟಿ ಕೊಡುತ್ತದೆ. ನಮ್ಮಲ್ಲೂ ಯಂತ್ರ ಬಂದಿದೆ, ಅಲ್ಲಗಳೆಯುವಂತಿಲ್ಲ. 2023ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕು 12 ನಗರಗಳಲ್ಲಿ ಕ್ಯೂಆರ್ ಕೋಡಿನ ನಾಣ್ಯಯಂತ್ರಗಳ ಪ್ರಯೋಗ ಸಾರಿತು. ಮೊಬೈಲು ತೋರಿಸಿದರೆ ಅದು ನಾಣ್ಯ ಕೊಡುತ್ತದೆ. ತಗೊಳ್ಳುವುದಿಲ್ಲ, ಕೊಡುತ್ತದೆ! ನಗರದವನ ಮೊಬೈಲಿನಲ್ಲಿ ರೊಕ್ಕ ಇದೆ, ಅವನಿಗೆ ನಾಣ್ಯ ಕೊಡಲು ಯಂತ್ರ. ಶಲವಡಿಯ ಭರಣಿಯಲ್ಲಿ ನಾಣ್ಯ ಇದೆ, ಅದನ್ನು ತಗೊಳ್ಳಲು ಒಬ್ಬ ಮನುಷ್ಯನೂ ಇಲ್ಲ. ಬಡವರಿಂದ ನಾಣ್ಯ ವಾಪಸು ಬರಬಹುದು ಎಂಬ ಸಂಶಯವೇ ಯೋಜನೆ ಬರೆದವರಿಗೆ ಬರಲಿಲ್ಲ. ನಾಣ್ಯವೆಂದರೆ ಅವರ ಲೆಕ್ಕದಲ್ಲಿ ಮೇಲಿನಿಂದ ಕೆಳಗೆ ಹರಿಯುವಂಥದ್ದು. ಕೊಡುವಾಗ ರೊಕ್ಕ, ತಗೊಳ್ಳುವಾಗ ಕಬ್ಬಿಣ.

ಹಾಗಾದರೆ ಚಿಲ್ಲರೆಯನ್ನು ಎಣಿಸಿ ತಗೊಂಡವರು ಈ ದೇಶದಲ್ಲಿ ಯಾರೂ ಇಲ್ಲವೇ? ಇದ್ದಾರೆ, ಆದರೆ ಚಿಲ್ಲರೆ ದೊಡ್ಡದಾಗಿರಬೇಕು. 2022ರಲ್ಲಿ ತಮಿಳುನಾಡಿನ ಸೇಲಂನ ತರುಣನೊಬ್ಬ ಎರಡು ಲಕ್ಷ ಅರವತ್ತು ಸಾವಿರ ರೂಪಾಯಿಯನ್ನು ಒಂದೊಂದರ ನಾಣ್ಯದಲ್ಲೇ ಕೊಟ್ಟು ಬೈಕು ತಗೊಂಡ. ಶೋರೂಮಿನವರು ನೆಲದ ಮೇಲೆ ಕೂತು ಹತ್ತು ತಾಸು ಎಣಿಸಿ, ನಗುತ್ತ ಫೋಟೋ ತೆಗೆಸಿಕೊಂಡರು. ಇನ್ನೂರಾ ಅರವತ್ತು ರೂಪಾಯಿ ಚಿಲ್ಲರೆ ತಂದವನಿಗೆ ಅದೇ ನಗು ಸಿಕ್ಕೀತು ಎಂದು ನನಗೇನೂ ಅನಿಸುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೊಯಮತ್ತೂರಿನ ಕೌಟುಂಬಿಕ ನ್ಯಾಯಾಲಯಕ್ಕೆ ಗಂಡನೊಬ್ಬ ಹೆಂಡತಿಯ ಜೀವನಾಂಶವೆಂದು ಎಂಬತ್ತು ಸಾವಿರ ರೂಪಾಯಿಯ ಒಂದು ಮತ್ತು ಎರಡರ ನಾಣ್ಯಗಳನ್ನು ಚೀಲಗಳಲ್ಲಿ ತಂದ. ನ್ಯಾಯಾಧೀಶರು ನೋಟು ತಾ ಎಂದು ವಾಪಸು ಕಳಿಸಿದರು. ಚಿಲ್ಲರೆ ಬುದ್ಧಿ ಯಾವುದು, ಚಿಲ್ಲರೆ ರೊಕ್ಕ ಯಾವುದು ಎಂದು ಗುರುತು ಹಿಡಿದ ಒಂದು ಕಚೇರಿಯಾದರೂ ಇದೆ ಎಂದು ಸಮಾಧಾನವಾಯಿತು.

ಎಲ್ಲಕ್ಕೂ ಚಲೋ ಪ್ರಕರಣ ನಮ್ಮ ಕರ್ನಾಟಕದ್ದೇ. 2023ರ ವಿಧಾನಸಭಾ ಚುನಾವಣೆಗೆ ಯಾದಗಿರಿಯಿಂದ ಯಂಕಪ್ಪ ಎಂಬ ಪಕ್ಷೇತರ ಅಭ್ಯರ್ಥಿ ನಾಮಪತ್ರ ಸಲ್ಲಿಸಿದರು. ಠೇವಣಿ ಹತ್ತು ಸಾವಿರ ರೂಪಾಯಿ, ಅಷ್ಟೂ ಒಂದೊಂದು ರೂಪಾಯಿ ನಾಣ್ಯದಲ್ಲಿ. ಮತದಾರರಿಂದ ಕೂಡಿಸಿದ್ದು. ಚುನಾವಣಾ ಸಿಬ್ಬಂದಿ ಎರಡು ತಾಸು ಕುಳಿತು ಎಣಿಸಿದರು. ಕಾನೂನು ನೋಡಿದರೆ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳು ಸಾವಿರ ರೂಪಾಯಿವರೆಗಿನ ಪಾವತಿಗೆ ಮಾತ್ರ ಕಡ್ಡಾಯ, ಅದರ ಮೇಲೆ ಒಲ್ಲೆ ಎನ್ನಬಹುದಿತ್ತು. ಎನ್ನಲಿಲ್ಲ. ಸರ್ವರ್ ಡೌನ್ ಆಗಲಿಲ್ಲ. ಪಾಕೀಟು ಮಾಡ್ಕೊಂಡು ಬರ್ರಿ ಎನ್ನಲಿಲ್ಲ. ಚಲಾವಣೆಯಾದ ಮತದ ಆರನೇ ಒಂದು ಪಾಲು ಬೀಳದಿದ್ದರೆ ಆ ಠೇವಣಿ ಮುಟ್ಟುಗೋಲಾಗಿ ಸರಕಾರಕ್ಕೇ ಸೇರುತ್ತದೆ. ವಾಪಸು ಕೊಡಬೇಕಾಗಿ ಬರಲಿಕ್ಕಿಲ್ಲ ಎಂಬ ಭರವಸೆ ಇದ್ದ ಕಡೆ ಸರಕಾರಿ ಬೆರಳುಗಳು ಎಷ್ಟು ತಾಳ್ಮೆಯಿಂದ ಎಣಿಸುತ್ತವೆ ನೋಡಿ.

ದೊಡ್ಡವ್ವನ ಮುಂದೆ ಈ ಯೋಜನೆ ಇಟ್ಟೆ. ಮುಂದಿನ ವಿಧಾನಸಭೆಗೆ ನಿಲ್ಲುವುದು. ಭರಣಿಯೊಳಗಿನದಕ್ಕೆ ರಸೀದಿ ಬರೆದುಕೊಡುವ ಕಚೇರಿ ಬೇರೆ ಇಲ್ಲ.

“ಡಿಪಾಜಿಟ್ ಹೋದ್ರ?”

“ಹೋದ್ರ ಹೋತು. ಎಣಿಸಿ ತಗೊಂಡ್ರಲ್ಲ.”

ಆಕೆ ಬೆರಳು ಮಡಚಿ ಲೆಕ್ಕ ಹಾಕಿದಳು. “ನಂದು ಮೂರ ಸಾವಿರದ ಮ್ಯಾಲ ಐತಿ. ಇನ್ನೂ ಆರೂವರಿ ಸಾವಿರ ಬೇಕು. ಅದೇನ್ ದೊಡ್ಡ ಮಾತಲ್ಲ ಬಿಡು, ಊರಾಗ ಮನಿಗೊಂದು ಭರಣಿ ಐತಿ. ಎಲ್ಲಾರೂ ಓಣ್ಯಾಗ ತಂದು ಸುರೂತಾರ.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, “ಗುರ್ತು ಏನ್ ಕೊಡ್ತಾರ?”

“ಏನರ ಕೊಡ್ತಾರ. ಗ್ಯಾಸ್ ಸಿಲಿಂಡರು, ಕುಕ್ಕರು...”

“ಏನರ ಕೊಡ್ಲಿ. ಹತ್ತರ ನಾಣ್ಯ ಒಂದ್ ಬ್ಯಾಡ ಅಂತ ಬರದು ಕೊಡು. ನಮ್ಮ ಊರಾಗ ಯಾರೂ ಹಾಕಂಗಿಲ್ಲ.”